ಹಳೆಯ ಕಂಪ್ಯೂಟರ್‌ಗೆ ಎರಡು ಮಾನಿಟರ್: ಕೇಬಲ್ ಕೊಳ್ಳುವ ಮೊದಲು ಮಾಡಬೇಕಾದ ಕೆಲಸದಿಂದ ಹಿಡಿದು

ಎರಡನೇ ಮಾನಿಟರ್ ಮನೆಗೆ ಬಂತು. ಅದರ ಹಿಂದಿನ ಪೋರ್ಟ್ ನೋಡಿ ಒಂದು ಕೇಬಲ್ ತಂದದ್ದಾಯಿತು. ಕಂಪ್ಯೂಟರ್ ಕಡೆ ಅದು ಕೂರಲಿಲ್ಲವೆಂದು ಒಂದು ಕನ್ವರ್ಟರ್ ಕೂಡ ಬಂತು. ಎಲ್ಲ ಸಿಕ್ಕಿಸಿ ಸ್ವಿಚ್ ಹಾಕಿದರೆ ಪರದೆಯ ಮೇಲೆ ‘ನೋ ಸಿಗ್ನಲ್’. ಈ ಕೆಲಸದಲ್ಲಿ ಕೈಸೋತವರಲ್ಲಿ ಹೆಚ್ಚಿನವರ ಕಥೆ ಇಷ್ಟೇ. ಕೆಲಸ ತಲೆಕೆಳಗಾಗಿ ಶುರುವಾಗಿರುತ್ತದೆ. ಮೊದಲು ನೋಡಬೇಕಾದ್ದು ಕಂಪ್ಯೂಟರ್‌ನ ಬೆನ್ನು. ಮಾನಿಟರ್ ಆಮೇಲೆ, ಕೇಬಲ್ ಎಲ್ಲಕ್ಕಿಂತ ಕೊನೆಗೆ.

ಇಲ್ಲಿ ಹಳೆಯ ಕಂಪ್ಯೂಟರ್ ಎಂದರೆ ಹೆಚ್ಚುಕಡಿಮೆ 2008ರಿಂದ 2016ರ ನಡುವಿನ ಡೆಸ್ಕ್‌ಟಾಪ್. ವಿಂಡೋಸ್ 7, ವಿಂಡೋಸ್ 10 ಅಥವಾ ಯಾವುದಾದರೂ ಲಿನಕ್ಸ್ ಓಡುತ್ತಿರುವಂಥದ್ದು. ಎರಡು ಪರದೆಯ ಭಾರ ಇದಕ್ಕೆ ಹೆಚ್ಚಾದೀತೇ ಎಂಬ ಅಂಜಿಕೆ ಬೇಡ. 1920×1080 ಪರದೆಯ ಒಂದು ಚಿತ್ರಕ್ಕೆ ಬೇಕಾಗುವ ಮೆಮೊರಿ ಸುಮಾರು 8 ಎಂಬಿ ಮಾತ್ರ. ಕಂಪ್ಯೂಟರ್ ನಿಧಾನವಾದರೆ ತಪ್ಪು ಪರದೆಯದ್ದಲ್ಲ, ಜಾಗ ಸಿಕ್ಕಿತೆಂದು ಅದರಲ್ಲಿ ತೆರೆದಿಟ್ಟ ಹತ್ತಾರು ಬ್ರೌಸರ್ ಟ್ಯಾಬ್‌ಗಳದ್ದು.

## ಮೊದಲೇ ತೆಗೆದಿಟ್ಟುಕೊಳ್ಳಿ

ಒಂದು ಟಾರ್ಚ್, ನಕ್ಷತ್ರ ಮೂತಿಯ ಮಧ್ಯಮ ಗಾತ್ರದ ಸ್ಕ್ರೂಡ್ರೈವರ್, ಫೋಟೊ ತೆಗೆಯಲು ಫೋನ್, ಧೂಳು ಒರೆಸಲು ಒಣ ಬ್ರಶ್. ಎಲ್ಲಕ್ಕಿಂತ ಮುಖ್ಯವಾದದ್ದು, ಈಗ ಸರಿಯಾಗಿ ಕೆಲಸ ಮಾಡುತ್ತಿರುವ ಒಂದು ಮಾನಿಟರ್ ಮತ್ತು ಅದರ ಕೇಬಲ್. ಪರೀಕ್ಷೆಗೆಲ್ಲ ಈ ಜೋಡಿಯೇ ಅಳತೆಗೋಲು. ಹೊಸ ಮಾನಿಟರ್, ಹೊಸ ಕೇಬಲ್, ಹೊಸ ಕನ್ವರ್ಟರ್ ಮೂರನ್ನೂ ಒಟ್ಟಿಗೆ ಪರೀಕ್ಷಿಸಲು ಹೋದರೆ ದೋಷ ಯಾವುದರಲ್ಲಿ ಎಂದು ಹೇಳಲು ಯಾರಿಂದಲೂ ಆಗದು.

## 1. ಕಂಪ್ಯೂಟರ್‌ನ ಬೆನ್ನು ಓದುವುದು

ಕ್ಯಾಬಿನೆಟ್ಟನ್ನು, ಅಂದರೆ ಎಲ್ಲರೂ ಸಿಪಿಯು ಎಂದೇ ಕರೆಯುವ ಡಬ್ಬವನ್ನು, ತಿರುಗಿಸಿ ಟಾರ್ಚ್ ಹಾಕಿ ನೋಡಿ. ಚಿತ್ರ ಹೊರಬರುವ ಪೋರ್ಟ್‌ಗಳು ಎರಡು ಜಾಗದಲ್ಲಿ ಇರಬಹುದು. ಯುಎಸ್‌ಬಿ, ಇಂಟರ್ನೆಟ್ ಕೇಬಲ್, ಸ್ಪೀಕರ್ ತೂತುಗಳ ಗುಂಪಿನ ನಡುವೆ ಇರುವುದು ಮದರ್‌ಬೋರ್ಡ್‌ನ, ಅಂದರೆ ಒಳಗಿನ ಮುಖ್ಯ ಫಲಕದ, ಪೋರ್ಟ್. ಅದರ ಕೆಳಗೆ, ಬೇರೆಯಾಗಿ, ಅಡ್ಡಡ್ಡ ಪಟ್ಟಿಯಲ್ಲಿ ಇರುವುದು ಗ್ರಾಫಿಕ್ಸ್ ಕಾರ್ಡ್‌ನ, ಅಂದರೆ ಚಿತ್ರ ಹುಟ್ಟಿಸಲೆಂದೇ ಸೇರಿಸಿದ ಫಲಕದ, ಪೋರ್ಟ್. ಯಾವ ಪೋರ್ಟ್ ಯಾವ ಗುಂಪಿನದ್ದು ಎಂದು ಫೋಟೊ ತೆಗೆದಿಟ್ಟುಕೊಳ್ಳಿ. ಮುಂದಿನ ಪ್ರತಿ ತೀರ್ಮಾನವೂ ಇದರ ಮೇಲೆ ನಿಂತಿದೆ.

ಆಕಾರ ಗುರುತಿಸುವುದು ಹೀಗೆ:

- ವಿಜಿಎ: ಸಾಮಾನ್ಯವಾಗಿ ನೀಲಿ ಬಣ್ಣ, ಮೂರು ಸಾಲಿನಲ್ಲಿ 15 ತೂತು, ಎರಡು ಬದಿಗೆ ಸ್ಕ್ರೂ ಗೂಡು. ಇದರ ಪಕ್ಕದಲ್ಲೇ 9 ಪಿನ್ ಹೊರಚಾಚಿದ ಸೀರಿಯಲ್ ಪೋರ್ಟ್ ಇರುವುದುಂಟು. ಅದಕ್ಕೂ ಮಾನಿಟರ್‌ಗೂ ಸಂಬಂಧವಿಲ್ಲ.
- ಡಿವಿಐ: ಅಗಲವಾದದ್ದು, ಹೆಚ್ಚಾಗಿ ಬಿಳಿ, ಒಂದು ತುದಿಯಲ್ಲಿ ಉದ್ದನೆಯ ಚಪ್ಪಟೆ ಸೀಳು.
- ಎಚ್‌ಡಿಎಂಐ: ತೆಳ್ಳಗೆ, ಕೆಳಗಿನ ಎರಡೂ ಮೂಲೆ ಒಳಕ್ಕೆ ವಾಲಿದ್ದು.
- ಡಿಸ್‌ಪ್ಲೇಪೋರ್ಟ್: ಎಚ್‌ಡಿಎಂಐನ ಹಾಗೇ ಕಾಣುತ್ತದೆ, ಆದರೆ ಒಂದೇ ಮೂಲೆ ಕತ್ತರಿಸಿದಂತಿರುತ್ತದೆ.

ಡಿವಿಐ ಇದ್ದರೆ ಇನ್ನೂ ಹತ್ತಿರದಿಂದ ನೋಡಿ. ಆ ಚಪ್ಪಟೆ ಸೀಳಿನ ಮೇಲೆ ಎರಡು, ಕೆಳಗೆ ಎರಡು ಸಣ್ಣ ತೂತು ಇದ್ದರೆ ಅದು ಡಿವಿಐ-ಐ. ಡಿಜಿಟಲ್ ಜೊತೆಗೆ ವಿಜಿಎ ಸಿಗ್ನಲ್ ಕೂಡ ಹೊರಬರುತ್ತದೆ. ಸೀಳಿನ ಸುತ್ತ ಬೋಳಾಗಿದ್ದರೆ ಡಿವಿಐ-ಡಿ, ಬರೀ ಡಿಜಿಟಲ್. ಈ ನಾಲ್ಕು ತೂತು ಇವೆಯೋ ಇಲ್ಲವೋ ಎಂಬುದರ ಮೇಲೆ ಯಾವ ಕನ್ವರ್ಟರ್ ಬೇಕೆಂಬುದು ನಿರ್ಧಾರವಾಗುತ್ತದೆ.

ಕಚೇರಿಗಳಿಂದ ಬಂದ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಆದರೆ ಡಿವಿಐಗಿಂತ ಒತ್ತೊತ್ತಾಗಿ ತೂತುಗಳಿರುವ, ಆದರೆ ಡಿವಿಐ ಕೇಬಲ್ ಕೂರದ ಒಂದು ಪೋರ್ಟ್ ಕಾಣಬಹುದು. ಅದು ಡಿಎಂಎಸ್-59. ಅದಕ್ಕೆಂದೇ ಇರುವ ಇಬ್ಬಾಗದ ಕೇಬಲ್ ಹಾಕಿದರೆ ಆ ಒಂದೇ ಪೋರ್ಟ್‌ನಿಂದ ಎರಡು ಬೇರೆ ಬೇರೆ ಮಾನಿಟರ್ ಓಡುತ್ತವೆ. ನಿಮ್ಮಲ್ಲಿ ಅದಿದ್ದರೆ ಅರ್ಧ ಕೆಲಸ ಮುಗಿದಂತೆಯೇ.

## 2. ಯಾವ ಪೋರ್ಟ್‌ಗೆ ಜೀವವಿದೆ?

ಬೆನ್ನಲ್ಲಿ ಮೂರು ಪೋರ್ಟ್ ಕಂಡ ಮಾತ್ರಕ್ಕೆ ಮೂರೂ ಕೆಲಸ ಮಾಡುತ್ತವೆ ಎಂದಲ್ಲ. ಅತಿ ಹೆಚ್ಚು ಜನ ಎಡವುವುದು ಇಲ್ಲೇ.

ಕಾರ್ಡ್ ಇದ್ದರೆ ಬೋರ್ಡ್ ಸುಮ್ಮನಾಗುತ್ತದೆ. ಗ್ರಾಫಿಕ್ಸ್ ಕಾರ್ಡ್ ಹಾಕಿದ ಬಹುತೇಕ ಹಳೆಯ ಕಂಪ್ಯೂಟರ್‌ಗಳು ಮದರ್‌ಬೋರ್ಡ್‌ನ ಪೋರ್ಟ್‌ಗಳನ್ನು ತಾವಾಗಿಯೇ ಆರಿಸಿಬಿಡುತ್ತವೆ. ಒಂದು ಮಾನಿಟರ್ ಕಾರ್ಡ್‌ಗೆ, ಇನ್ನೊಂದು ಬೋರ್ಡ್‌ಗೆ ಸಿಕ್ಕಿಸಿ ಕಾಯುತ್ತ ಕೂತರೆ ಏನೂ ಬರುವುದಿಲ್ಲ.

ಪ್ರೊಸೆಸರ್‌ನಲ್ಲೇ ಗ್ರಾಫಿಕ್ಸ್ ಇಲ್ಲದಿರಬಹುದು. ಇಂಟೆಲ್‌ನ ಮೊದಲ ತಲೆಮಾರಿನ ಐ5-750ರಂಥ ಪ್ರೊಸೆಸರ್‌ನಲ್ಲಿ ಚಿತ್ರ ಹುಟ್ಟಿಸುವ ಭಾಗವೇ ಇಲ್ಲ. ಬೋರ್ಡ್‌ನಲ್ಲಿ ಪೋರ್ಟ್ ಇದ್ದರೂ ಅದು ಬರೀ ತೂತು.

ಎಣಿಕೆಗೂ ಮಿತಿಯಿದೆ. ಎನ್‌ವಿಡಿಯಾದ 600 ಸರಣಿಗಿಂತ ಹಿಂದಿನ ಮನೆಬಳಕೆಯ ಕಾರ್ಡ್‌ಗಳಲ್ಲಿ ವಿಜಿಎ, ಡಿವಿಐ, ಎಚ್‌ಡಿಎಂಐ ಮೂರಿದ್ದರೂ ಒಂದು ಹೊತ್ತಿಗೆ ಎರಡೇ ಬೆಳಗುವುದು. ಇಂಟೆಲ್‌ನ 2ನೇ ತಲೆಮಾರಿನ ಪ್ರೊಸೆಸರ್‌ಗೂ ಎರಡೇ ಮಿತಿ. ನಮಗೆ ಬೇಕಾದ್ದೂ ಎರಡೇ ಆದ್ದರಿಂದ ತೊಂದರೆಯಿಲ್ಲ. ಆದರೆ ಟಿವಿಯನ್ನೂ ಸಿಕ್ಕಿಸಿಟ್ಟವರು ಇದನ್ನು ನೆನಪಿಡಿ.

ಪರೀಕ್ಷೆ ಸರಳ. ಕಂಪ್ಯೂಟರ್ ಆರಿಸಿ, ನಿಮ್ಮ ಒಳ್ಳೆಯ ಮಾನಿಟರ್ ಒಂದನ್ನೇ ಒಂದು ಪೋರ್ಟ್‌ಗೆ ಸಿಕ್ಕಿಸಿ, ಆನ್ ಮಾಡಿ. ಚಿತ್ರ ಬಂತೇ? ಆರಿಸಿ, ಮುಂದಿನ ಪೋರ್ಟ್. ಆ ಮಾನಿಟರ್‌ಗೆ ಹೊಂದದ ಆಕಾರದ ಪೋರ್ಟ್ ಇದ್ದರೆ ಟಿವಿ ಬಳಸಿ ನೋಡಬಹುದು. ಹತ್ತು ನಿಮಿಷದ ಈ ಕೆಲಸ ಬಿಟ್ಟವರೇ ಮುಂದೆ ಎರಡು ದಿನ ಕಳೆಯುವವರು.

## 3. ನಿಮ್ಮ ದಾರಿ ಯಾವುದು

ಒಂದೇ ಗುಂಪಿನಲ್ಲಿ, ಅಂದರೆ ಎರಡೂ ಬೋರ್ಡ್‌ನಲ್ಲಿ ಅಥವಾ ಎರಡೂ ಕಾರ್ಡ್‌ನಲ್ಲಿ, ಜೀವಂತ ಪೋರ್ಟ್ ಎರಡಿದ್ದರೆ ಬೇರೇನೂ ಕೊಳ್ಳಬೇಕಿಲ್ಲ. ನೇರ 5ನೇ ಹಂತಕ್ಕೆ ಹೋಗಿ.

ಕಾರ್ಡ್‌ನಲ್ಲಿ ಒಂದು, ಬೋರ್ಡ್‌ನಲ್ಲಿ ಒಂದು ಇದ್ದರೆ ಬಯೋಸ್‌ನಲ್ಲಿ, ಅಂದರೆ ವಿಂಡೋಸ್ ಏಳುವ ಮೊದಲೇ ತೆರೆಯುವ ಬೋರ್ಡ್‌ನ ಸೆಟ್ಟಿಂಗ್ಸ್‌ನಲ್ಲಿ, ಬೋರ್ಡ್‌ನ ಗ್ರಾಫಿಕ್ಸ್ ಎಬ್ಬಿಸಬೇಕು. ಕಂಪ್ಯೂಟರ್ ಆನ್ ಆದ ಕೂಡಲೇ ಡಿಲೀಟ್ ಅಥವಾ ಎಫ್2 ಕೀಲಿ ಮತ್ತೆ ಮತ್ತೆ ಒತ್ತಿ ಒಳಹೋಗಿ, ‘ಐಜಿಪಿಯು ಮಲ್ಟಿ-ಮಾನಿಟರ್’, ‘ಇಂಟರ್ನಲ್ ಗ್ರಾಫಿಕ್ಸ್’ ಅಥವಾ ‘ಆನ್‌ಬೋರ್ಡ್ ವಿಜಿಎ’ ಎಂಬ ಸಾಲು ಹುಡುಕಿ. ‘ಆಟೋ’ ಇದ್ದದ್ದನ್ನು ‘ಎನೇಬಲ್ಡ್’ ಮಾಡಿ, ಎಫ್10 ಒತ್ತಿ ಉಳಿಸಿ. ‘ಪ್ರೈಮರಿ ಡಿಸ್‌ಪ್ಲೇ’ ಎಂಬ ಪಕ್ಕದ ಸಾಲನ್ನು ಮುಟ್ಟಬೇಡಿ. ಅದು ಬದಲಾದರೆ ಮುಂದಿನ ಸಲ ಚಿತ್ರ ಇನ್ನೊಂದು ಪೋರ್ಟ್‌ನಲ್ಲಿ ಬಂದು, ಕಂಪ್ಯೂಟರ್ ಕೆಟ್ಟಿತೆಂದು ನೀವು ಗಾಬರಿಯಾಗುವಿರಿ. ಹಾಗೇನಾದರೂ ಆದರೆ ಮಾನಿಟರ್ ಕೇಬಲನ್ನು ಇನ್ನೊಂದು ಪೋರ್ಟ್‌ಗೆ ಹಾಕಿ ನೋಡಿ. ಅದಕ್ಕೂ ಬಗ್ಗದಿದ್ದರೆ ಕರೆಂಟ್ ವೈರ್ ಕಿತ್ತು, ಬೋರ್ಡ್ ಮೇಲಿನ ಸಿಆರ್2032 ಬಟನ್ ಸೆಲ್ ತೆಗೆದು, ಐದು ನಿಮಿಷ ಬಿಟ್ಟು ಹಾಕಿ. ಬಯೋಸ್ ಮೊದಲಿನ ಸ್ಥಿತಿಗೆ ಮರಳುತ್ತದೆ. ತಾರೀಕು, ಸಮಯ ಮತ್ತೆ ಹಾಕಬೇಕಾಗುತ್ತದೆ. ಕೆಲವು ಬ್ರ್ಯಾಂಡೆಡ್ ಡೆಸ್ಕ್‌ಟಾಪ್‌ಗಳ ಬಯೋಸ್‌ನಲ್ಲಿ ಈ ಆಯ್ಕೆಯೇ ಇರುವುದಿಲ್ಲ. ಇಲ್ಲದಿದ್ದರೆ ಹುಡುಕಾಟ ನಿಲ್ಲಿಸಿ, ಎರಡು ಪೋರ್ಟ್ ಇರುವ ಕಾರ್ಡ್ ಹಾಕುವುದೇ ದಾರಿ.

ಒಟ್ಟು ಒಂದೇ ಪೋರ್ಟ್ ಇದ್ದರೆ ಗ್ರಾಫಿಕ್ಸ್ ಕಾರ್ಡ್ ಅಥವಾ ಯುಎಸ್‌ಬಿ ಡಿಸ್‌ಪ್ಲೇ ಅಡಾಪ್ಟರ್. ಕ್ಯಾಬಿನೆಟ್ ಬಿಚ್ಚಲು ಆಗದ ಕಡೆ ಮಾತ್ರ ಯುಎಸ್‌ಬಿ ಅಡಾಪ್ಟರ್ ಸರಿ. ಅದಕ್ಕೆ ತನ್ನದೇ ಡ್ರೈವರ್ (ಸಾಧನವನ್ನು ವಿಂಡೋಸ್ ಬಳಸುವಂತೆ ಮಾಡುವ ಪ್ರೋಗ್ರಾಮ್) ಬೇಕು, ಪ್ರೊಸೆಸರ್‌ನ ಸಮಯ ತಿನ್ನುತ್ತದೆ, ನೀಲಿ ನಾಲಗೆಯ ಯುಎಸ್‌ಬಿ 3.0 ಪೋರ್ಟ್ ಇಲ್ಲದಿದ್ದರೆ ವಿಡಿಯೊ ಎಳೆದೆಳೆದು ಓಡುತ್ತದೆ. ಅಕ್ಷರ ಓದಲು, ಇಮೇಲ್ ತೆರೆದಿಡಲು ಸಾಕು.

ಮತ್ತೊಂದು ದಾರಿ ಎಂದು ಹಲವರು ನಂಬಿರುವುದು ಸ್ಪ್ಲಿಟರ್. ಒಂದು ವಿಜಿಎ ಎರಡಾಗುವ ಕವಲು ಕೇಬಲ್, ಒಂದು ಎಚ್‌ಡಿಎಂಐ ಎರಡಾಗುವ ಡಬ್ಬಿ. ಇವು ಒಂದೇ ಚಿತ್ರವನ್ನು ಎರಡು ಕಡೆ ತೋರಿಸುತ್ತವೆ, ಅಷ್ಟೇ. ಎಡಗಡೆ ಒಂದು ಕೆಲಸ, ಬಲಗಡೆ ಇನ್ನೊಂದು ಕೆಲಸ ಸ್ಪ್ಲಿಟರ್‌ನಿಂದ ಎಂದಿಗೂ ಆಗದು.

## 4. ಕಾರ್ಡ್ ಹಾಕುವುದಾದರೆ

ಕೊಳ್ಳುವ ಮೊದಲು ನಾಲ್ಕು ವಿಷಯ ಖಚಿತಪಡಿಸಿಕೊಳ್ಳಿ.

ಮೊದಲನೆಯದು ಜಾಗ. ಬೋರ್ಡ್ ಮೇಲೆ ಉದ್ದನೆಯ ಪಿಸಿಐ ಎಕ್ಸ್‌ಪ್ರೆಸ್ x16 ಸ್ಲಾಟ್ ಇರಬೇಕು. ಮಾಮೂಲಿ ಕ್ಯಾಬಿನೆಟ್‌ನಲ್ಲಿ ಹಿಂದಿನ ಪಟ್ಟಿಯ ಎತ್ತರ ಸುಮಾರು 12 ಸೆಂಟಿಮೀಟರ್. ತೆಳ್ಳನೆಯ ಡೆಸ್ಕ್‌ಟಾಪ್‌ನಲ್ಲಿ ಸುಮಾರು 8. ತೆಳ್ಳನೆಯದಕ್ಕೆ ಲೋ ಪ್ರೊಫೈಲ್ ಕಾರ್ಡ್ ಬೇಕು, ಜೊತೆಗೆ ಗಿಡ್ಡ ಪಟ್ಟಿಯೂ ಪೆಟ್ಟಿಗೆಯಲ್ಲಿ ಇರಬೇಕು. ಕಾರ್ಡ್ ಗಿಡ್ಡವಿದ್ದು ಪಟ್ಟಿ ಉದ್ದವಿದ್ದರೆ ಮುಚ್ಚಳ ಮುಚ್ಚದು.

ಎರಡನೆಯದು ವಿದ್ಯುತ್. ಸ್ಲಾಟ್ ಕೊಡಬಲ್ಲದ್ದು ಹೆಚ್ಚೆಂದರೆ 75 ವ್ಯಾಟ್, ಸಣ್ಣ ಡೆಸ್ಕ್‌ಟಾಪ್‌ಗಳಲ್ಲಿ ಅದಕ್ಕೂ ಕಡಿಮೆ. ಎರಡು ಮಾನಿಟರ್ ಓಡಿಸಲು ಅಷ್ಟೂ ಬೇಕಿಲ್ಲ. ಜಿಟಿ 710ಕ್ಕೆ 19 ವ್ಯಾಟ್, ಜಿಟಿ 1030ಕ್ಕೆ 30 ವ್ಯಾಟ್ ಸಾಕು. ಪ್ರತ್ಯೇಕ ಪವರ್ ಕೇಬಲ್ ಬೇಡುವ ಕಾರ್ಡ್ ಹಳೆಯ ಪವರ್ ಸಪ್ಲೈಗೆ ಬೇಡವೇ ಬೇಡ.

ಮೂರನೆಯದು ಪೋರ್ಟ್. ಹಳೆಯ ಮಾನಿಟರ್‌ನಲ್ಲಿ ವಿಜಿಎ ಒಂದೇ ಇದ್ದರೆ ಇದನ್ನು ಮರೆಯಬೇಡಿ: ಎನ್‌ವಿಡಿಯಾದ 10 ಸರಣಿಯಿಂದ ಈಚೆಗೆ ಕಾರ್ಡ್‌ನಿಂದ ವಿಜಿಎ ಸಿಗ್ನಲ್ ಬರುವುದೇ ಇಲ್ಲ, ಡಿವಿಐ ಇದ್ದರೂ ಅದು ಡಿವಿಐ-ಡಿ. ಜಿಟಿ 710 ಕಾರ್ಡ್‌ಗಳಲ್ಲಿ ಬಹಳಷ್ಟಕ್ಕೆ ವಿಜಿಎ, ಡಿವಿಐ, ಎಚ್‌ಡಿಎಂಐ ಮೂರೂ ಇರುತ್ತವೆ. ಇಂಥ ಜೋಡಿಗೆ ಅದೇ ಹೊಂದುತ್ತದೆ.

ನಾಲ್ಕನೆಯದು ಬಯೋಸ್‌ನ ವಯಸ್ಸು. 2012ಕ್ಕಿಂತ ಹಿಂದಿನ ಬೋರ್ಡ್‌ಗಳಲ್ಲಿ ತೀರಾ ಹೊಸ ಕಾರ್ಡ್ ಹಾಕಿದರೆ ಕೆಲವೊಮ್ಮೆ ಕಪ್ಪು ಪರದೆಯೇ ಗತಿ. ಹಳೆಯ ಬೋರ್ಡ್‌ಗೆ ಹಳೆಯ ಕಾರ್ಡೇ ಲೇಸು. ಹಾಗೆಯೇ ನಿಮ್ಮ ವಿಂಡೋಸ್‌ಗೆ ಆ ಕಾರ್ಡ್‌ನ ಡ್ರೈವರ್ ಇದೆಯೇ ಎಂದು ತಯಾರಕರ ತಾಣದಲ್ಲಿ ಮೊದಲೇ ನೋಡಿಕೊಳ್ಳಿ.

ಹಾಕುವ ಕ್ರಮ:

1. ಕಂಪ್ಯೂಟರ್ ಆರಿಸಿ, ಕರೆಂಟ್ ವೈರ್ ಪೂರ್ತಿ ಕೀಳಿ. ಆಮೇಲೆ ಪವರ್ ಬಟನ್ನನ್ನು ಐದು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ವಿದ್ಯುತ್ ಇಳಿಯಲಿ.
2. ಪಕ್ಕದ ಮುಚ್ಚಳ ತೆಗೆದು, ಬಣ್ಣ ಬಳಿಯದ ಲೋಹದ ಭಾಗವನ್ನು ಮುಟ್ಟಿ. ಮೈಯಲ್ಲಿನ ಸ್ಥಿರ ವಿದ್ಯುತ್ ಕಾರ್ಡ್‌ಗೆ ಹೋಗುವ ಬದಲು ಅಲ್ಲಿ ಇಳಿಯುತ್ತದೆ.
3. ಸ್ಲಾಟ್‌ನ ನೇರಕ್ಕಿರುವ ಹಿಂದಿನ ಪಟ್ಟಿ ಬಿಚ್ಚಿ. ಸ್ಲಾಟ್‌ನ ಧೂಳನ್ನು ಒಣ ಬ್ರಶ್ಶಿನಿಂದ ತೆಗೆಯಿರಿ. ಬಾಯಲ್ಲಿ ಊದಬೇಡಿ, ಉಗುಳಿನ ತೇವ ಒಳ್ಳೆಯದಲ್ಲ.
4. ಕಾರ್ಡನ್ನು ಅಂಚಿನಲ್ಲಿ ಹಿಡಿದು, ಎರಡೂ ತುದಿ ಸಮವಾಗಿ ಒತ್ತಿ. ಸ್ಲಾಟ್‌ನ ಕೊನೆಯ ಕೊಕ್ಕೆ ‘ಟಕ್’ ಎಂದರೆ ಕೂತಿತು. ಚಿನ್ನದ ಬಣ್ಣದ ಗೆರೆ ಹೊರಗೆ ಓರೆಯಾಗಿ ಕಾಣುತ್ತಿದ್ದರೆ ಇನ್ನೂ ಕೂತಿಲ್ಲ.
5. ಹಿಂದಿನ ಸ್ಕ್ರೂ ಬಿಗಿ ಮಾಡಿ. ಇದನ್ನು ಬಿಟ್ಟರೆ, ಭಾರದ ವಿಜಿಎ ಕೇಬಲ್ ಎಳೆದಾಗ ಕಾರ್ಡ್ ಒಂದು ಕೂದಲೆಳೆಯಷ್ಟು ಮೇಲೇಳುತ್ತದೆ. ಒಮ್ಮೆ ಬರುವ, ಒಮ್ಮೆ ಬಾರದ ಚಿತ್ರದ ಮೂಲ ಅದೇ.
6. ಒಂದೇ ಮಾನಿಟರ್ ಅನ್ನು ಕಾರ್ಡ್‌ಗೆ ಸಿಕ್ಕಿಸಿ ಆನ್ ಮಾಡಿ. ಒಂದು ಉದ್ದ, ಎರಡು ಗಿಡ್ಡ ಬೀಪ್ ಕೇಳಿಸಿದರೆ ಬಹಳಷ್ಟು ಬೋರ್ಡ್‌ಗಳಲ್ಲಿ ಅದರ ಅರ್ಥ ಕಾರ್ಡ್ ಸರಿಯಾಗಿ ಕೂತಿಲ್ಲ ಅಥವಾ ಕೆಲಸ ಮಾಡುತ್ತಿಲ್ಲ ಎಂದು. ಕರೆಂಟ್ ಕಿತ್ತು, ತೆಗೆದು, ಮತ್ತೆ ಕೂರಿಸಿ.

ಸುಟ್ಟ ವಾಸನೆ ಬಂದರೆ ಅಥವಾ ಫ್ಯಾನ್ ಒಂದು ಸುತ್ತು ತಿರುಗಿ ನಿಂತರೆ ಕೂಡಲೇ ಪ್ಲಗ್ ಕೀಳಿ. ‘ಇನ್ನೊಮ್ಮೆ ನೋಡೋಣ’ ಎಂದು ಆನ್ ಮಾಡಬೇಡಿ.

## 5. ಈಗ ಕೇಬಲ್ ಮತ್ತು ಕನ್ವರ್ಟರ್

ನಿಯಮ ಒಂದೇ ನೆನಪಿಟ್ಟರೆ ಸಾಕು. ವಿಜಿಎ ಅನಲಾಗ್, ಎಚ್‌ಡಿಎಂಐ ಮತ್ತು ಡಿಸ್‌ಪ್ಲೇಪೋರ್ಟ್ ಡಿಜಿಟಲ್, ಡಿವಿಐ ಎರಡೂ ಆಗಿರಬಹುದು. ಎರಡು ತುದಿಯೂ ಒಂದೇ ಜಾತಿಯಾದರೆ ಸಾಮಾನ್ಯವಾಗಿ ಬರೀ ತಂತಿ ಸಾಕು, ಡಿಸ್‌ಪ್ಲೇಪೋರ್ಟ್‌ನ ಲೆಕ್ಕ ಮಾತ್ರ ಬೇರೆ, ಅದು ಕೆಳಗಿದೆ. ಜಾತಿ ಬೇರೆಯಾದರೆ ನಡುವೆ ಚಿಪ್ ಇರುವ ಕನ್ವರ್ಟರ್ ಬೇಕು, ಮತ್ತು ಅದಕ್ಕೆ ದಿಕ್ಕು ಇರುತ್ತದೆ.

- ಎಚ್‌ಡಿಎಂಐ ಮತ್ತು ಡಿವಿಐ ನಡುವೆ: ಸಾದಾ ಕೇಬಲ್, ಎತ್ತಲಿಂದ ಎತ್ತಲಾದರೂ ನಡೆಯುತ್ತದೆ. ಚಿತ್ರದ ಗುಣ ಕುಗ್ಗದು. ಡಿವಿಐ ಕಡೆ ಧ್ವನಿಯ ಆಸೆ ಇಟ್ಟುಕೊಳ್ಳಬೇಡಿ.
- ಡಿವಿಐ-ಐನಿಂದ ವಿಜಿಎಗೆ: ಬೆರಳುದ್ದದ ಸಾದಾ ಅಡಾಪ್ಟರ್ ಸಾಕು.
- ಡಿವಿಐ-ಡಿಯಿಂದ ವಿಜಿಎಗೆ: ಚಿಪ್ ಇರುವ ಕನ್ವರ್ಟರ್ ಬೇಕು. ಆ ಸಾದಾ ಅಡಾಪ್ಟರ್ ಇಲ್ಲಿ ಕೂರುವುದೇ ಇಲ್ಲ, ಅದರ ನಾಲ್ಕು ಪಿನ್‌ಗೆ ತೂತಿಲ್ಲ. ಪಿನ್ ಬಗ್ಗಿಸಿಯೋ ಕಿತ್ತೋ ಕೂರಿಸಿದವರಿದ್ದಾರೆ. ವಿಜಿಎ ಸಿಗ್ನಲ್ ಹರಿಯುವುದೇ ಆ ನಾಲ್ಕು ಪಿನ್ನಿನಲ್ಲಿ.
- ಎಚ್‌ಡಿಎಂಐನಿಂದ ವಿಜಿಎಗೆ: ಚಿಪ್ ಬೇಕೇ ಬೇಕು. ಒಂದು ತುದಿ ಎಚ್‌ಡಿಎಂಐ, ಇನ್ನೊಂದು ತುದಿ ವಿಜಿಎ ಇದ್ದು ನಡುವೆ ಬರೀ ತಂತಿಯಿರುವ ಕೇಬಲ್‌ಗಳು ಮಾರಾಟದಲ್ಲಿವೆ. ಕಂಪ್ಯೂಟರ್‌ನಲ್ಲಿ ಅವು ಕೆಲಸಕ್ಕೆ ಬಾರವು. ಕನ್ವರ್ಟರ್‌ನಲ್ಲೂ ಯುಎಸ್‌ಬಿ ಪವರ್ ಸಿಕ್ಕಿಸುವ ಅವಕಾಶ ಇರುವುದನ್ನೇ ಆರಿಸಿ. ಹಳೆಯ ಪೋರ್ಟ್ ಕೊಡುವ ವಿದ್ಯುತ್ ಸಾಲದೆ ಚಿತ್ರ ಆರಿ ಆರಿ ಹೊತ್ತುವುದುಂಟು.
- ವಿಜಿಎಯಿಂದ ಎಚ್‌ಡಿಎಂಐಗೆ: ಇದು ಬೇರೆಯೇ ಡಬ್ಬಿ. ಮೇಲಿನದನ್ನು ತಿರುಗಿಸಿ ಹಾಕಿದರೆ ಆಗದು. ಇದಕ್ಕೆ ಯುಎಸ್‌ಬಿ ಪವರ್ ಬೇಕು.
- ಡಿಸ್‌ಪ್ಲೇಪೋರ್ಟ್‌ನಿಂದ ಉಳಿದವಕ್ಕೆ: ಸುಲಭವಾಗಿ ಸಿಗುತ್ತದೆ, ಆದರೆ ಕಂಪ್ಯೂಟರ್ ಕಡೆಯದ್ದೇ ಡಿಸ್‌ಪ್ಲೇಪೋರ್ಟ್ ಆಗಿರಬೇಕು. ಕಂಪ್ಯೂಟರ್‌ನಲ್ಲಿ ಎಚ್‌ಡಿಎಂಐ, ಮಾನಿಟರ್‌ನಲ್ಲಿ ಡಿಸ್‌ಪ್ಲೇಪೋರ್ಟ್ ಇದ್ದರೆ ಈ ಕೇಬಲ್ ಸತ್ತ ಹಾವು.

ಎರಡು ಮಾನಿಟರ್‌ಗಳಲ್ಲಿ ಯಾವುದಕ್ಕೆ ಯಾವ ಪೋರ್ಟ್? ದೊಡ್ಡದಕ್ಕೆ, ಹೆಚ್ಚು ಓದುವುದಕ್ಕೆ ಡಿಜಿಟಲ್. ಹಳೆಯದಕ್ಕೆ, ಚಿಕ್ಕದಕ್ಕೆ ವಿಜಿಎ.

ಹೊಸ 2560×1440 ಮಾನಿಟರ್ ತಂದವರಿಗೆ ಒಂದು ಎಚ್ಚರಿಕೆ. ಇಂಟೆಲ್‌ನ 2ನೇ, 3ನೇ ತಲೆಮಾರಿನ ಪ್ರೊಸೆಸರ್‌ಗಳ ಎಚ್‌ಡಿಎಂಐ ಪೋರ್ಟ್ 1920×1200ಕ್ಕಿಂತ ಮೇಲೆ ಹೋಗುವುದಿಲ್ಲ. ಸಿಂಗಲ್ ಲಿಂಕ್ ಡಿವಿಐಗೂ ಅದೇ ಮಿತಿ. ಆ ಮಾನಿಟರ್‌ನ ಅಕ್ಷರ ಮಸುಕಾಗಿ ಕಂಡರೆ ಕಾರಣ ಇದು. ಡಿಸ್‌ಪ್ಲೇಪೋರ್ಟ್ ಇದ್ದರೆ ಅದನ್ನೇ ಬಳಸಿ.

## 6. ಸಿಕ್ಕಿಸುವುದು

ಕಂಪ್ಯೂಟರ್, ಎರಡೂ ಮಾನಿಟರ್ ಆರಿಸಿ. ಮೊದಲ ಮಾನಿಟರ್ ಪರೀಕ್ಷೆಯಲ್ಲಿ ಗೆದ್ದ ಪೋರ್ಟ್‌ನಲ್ಲೇ ಇರಲಿ. ವಿಜಿಎ ಕೇಬಲ್ ಸಿಕ್ಕಿಸುವ ಮೊದಲು ಅದರ ಮೂತಿ ನೋಡಿ. ಒಂದು ಪಿನ್ ಇಲ್ಲದಿದ್ದರೆ ಗಾಬರಿ ಬೇಡ: ನಡುಸಾಲಿನ 9ನೇ ಪಿನ್ ಇಲ್ಲದ ಕೇಬಲ್‌ಗಳು ಸಾಮಾನ್ಯ. ಆದರೆ ಬಗ್ಗಿದ ಪಿನ್ ಇದ್ದರೆ ಒತ್ತಿ ತುರುಕಬೇಡಿ, ಸಣ್ಣ ಇಕ್ಕುಳದಿಂದ ಮೆಲ್ಲಗೆ ನೆಟ್ಟಗೆ ಮಾಡಿ. ಸ್ಕ್ರೂಗಳನ್ನು ಬೆರಳಲ್ಲಿ ಬಿಗಿದರೆ ಸಾಕು. ಸ್ಕ್ರೂಡ್ರೈವರ್ ಹಾಕಿ ತಿರುವಿದರೆ ಮುಂದೆ ಬಿಚ್ಚುವಾಗ ಪೋರ್ಟ್‌ನ ನಟ್ಟೇ ಕಿತ್ತು ಬರುತ್ತದೆ.

ಮಾನಿಟರ್‌ಗಳನ್ನು ಆನ್ ಮಾಡಿ, ಆಮೇಲೆ ಕಂಪ್ಯೂಟರ್. ಎರಡನೇ ಮಾನಿಟರ್‌ನ ಗುಂಡಿ ಒತ್ತಿ ಇನ್‌ಪುಟ್ ಅಥವಾ ಸೋರ್ಸ್ ಸರಿಯಾದ ಪೋರ್ಟ್‌ನಲ್ಲಿದೆಯೇ ನೋಡಿ. ಡಿವಿಐ ಸಿಕ್ಕಿಸಿ ಮಾನಿಟರ್ ಮಾತ್ರ ವಿಜಿಎಗೇ ಕಾಯುತ್ತ ಕೂತಿರುವುದು ತೀರಾ ಮಾಮೂಲು.

ಕಂಪ್ಯೂಟರ್ ಏಳುವಾಗ ತಯಾರಕರ ಲೋಗೊ ಒಂದೇ ಪರದೆಯಲ್ಲಿ ಬಂದು ಇನ್ನೊಂದು ಕಪ್ಪಾಗಿದ್ದರೆ ಅದು ದೋಷವಲ್ಲ. ವಿಂಡೋಸ್ ಪೂರ್ತಿ ತೆರೆಯುವವರೆಗೆ ಕಾಯಿರಿ.

## 7. ಡ್ರೈವರ್

ಇದನ್ನು ಬಿಟ್ಟು ಸೆಟ್ಟಿಂಗ್ಸ್‌ಗೆ ಹಾರಬೇಡಿ. ವಿಂಡೋಸ್ ಕೀಲಿ ಮತ್ತು ಆರ್ ಒಟ್ಟಿಗೆ ಒತ್ತಿದರೆ ಬರುವ ಪೆಟ್ಟಿಗೆಯಲ್ಲಿ devmgmt.msc ಎಂದು ಬರೆದೋ, ‘ಕಂಪ್ಯೂಟರ್’ (ವಿಂಡೋಸ್ 10ರಲ್ಲಿ ‘ದಿಸ್ ಪಿಸಿ’) ಮೇಲೆ ರೈಟ್ ಕ್ಲಿಕ್ ಮಾಡಿ ‘ಮ್ಯಾನೇಜ್’ ಮೂಲಕವೋ ಡಿವೈಸ್ ಮ್ಯಾನೇಜರ್ ತೆರೆದು ‘ಡಿಸ್‌ಪ್ಲೇ ಅಡಾಪ್ಟರ್ಸ್’ ಬಿಡಿಸಿ. ಅಲ್ಲಿ ಇಂಟೆಲ್, ಎಎಂಡಿ ಅಥವಾ ಎನ್‌ವಿಡಿಯಾ ಹೆಸರು ಕಾಣಬೇಕು.

ವಿಂಡೋಸ್ 7ರಲ್ಲಿ ‘ಸ್ಟ್ಯಾಂಡರ್ಡ್ ವಿಜಿಎ ಗ್ರಾಫಿಕ್ಸ್ ಅಡಾಪ್ಟರ್’, ವಿಂಡೋಸ್ 10ರಲ್ಲಿ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದ್ದರೆ ನಿಜವಾದ ಡ್ರೈವರ್ ಇಲ್ಲವೆಂದರ್ಥ. ಈ ತಾತ್ಕಾಲಿಕ ಡ್ರೈವರ್‌ಗೆ ಒಂದು ಪರದೆ ಬೆಳಗುವಷ್ಟೇ ಗೊತ್ತು. ಎಷ್ಟೇ ಕೇಬಲ್ ಬದಲಿಸಿದರೂ ಎರಡನೆಯದು ಏಳದು.

ವಿಂಡೋಸ್ 10ರಲ್ಲಿ ಮೊದಲು ವಿಂಡೋಸ್ ಅಪ್‌ಡೇಟ್‌ನ ‘ಆಪ್ಷನಲ್ ಅಪ್‌ಡೇಟ್ಸ್’ ನೋಡಿ. ವಿಂಡೋಸ್ 7ರ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ, ಅಲ್ಲಿ ಅಪ್‌ಡೇಟ್ ನಂಬಿ ಕೂರದೆ ಬೋರ್ಡ್ ಅಥವಾ ಕಾರ್ಡ್ ತಯಾರಕರ ತಾಣದಿಂದ ನಿಮ್ಮ ಮಾದರಿಯ ಡ್ರೈವರ್ ಇಳಿಸಿ. 32 ಬಿಟ್ಟೋ 64 ಬಿಟ್ಟೋ ಎಂದು ನೋಡಿಕೊಂಡು ಇಳಿಸಿ. ‘ನಿಮ್ಮ ಎಲ್ಲ ಡ್ರೈವರ್ ಹೊಸದು ಮಾಡುತ್ತೇವೆ’ ಎನ್ನುವ ಉಚಿತ ಪ್ರೋಗ್ರಾಮ್‌ಗಳ ಹತ್ತಿರ ಸುಳಿಯಬೇಡಿ. ಲಿನಕ್ಸ್‌ನಲ್ಲಿ ಇಂಟೆಲ್, ಎಎಂಡಿಗೆ ಬೇಕಾದ್ದು ಒಳಗೇ ಇರುತ್ತದೆ. ಹಳೆಯ ಎನ್‌ವಿಡಿಯಾ ಕಾರ್ಡ್‌ಗೂ ಜೊತೆಗೇ ಬರುವ ನೂವೊ ಡ್ರೈವರ್ ಎರಡು ಪರದೆಗೆ ಸಾಕು.

## 8. ಎರಡನ್ನೂ ಒಂದಾಗಿಸುವುದು

1. ವಿಂಡೋಸ್ ಕೀಲಿ ಮತ್ತು ಪಿ ಒಟ್ಟಿಗೆ ಒತ್ತಿ ‘ಎಕ್ಸ್‌ಟೆಂಡ್’ ಆರಿಸಿ. ‘ಡೂಪ್ಲಿಕೇಟ್’ ಆರಿಸಿದರೆ ಎರಡರಲ್ಲೂ ಒಂದೇ ಚಿತ್ರ, ಅದೂ ಎರಡಕ್ಕೂ ಹೊಂದುವ ಕಡಿಮೆ ರೆಸಲ್ಯೂಶನ್‌ನಲ್ಲಿ (1920×1080ರಂಥ ಪಿಕ್ಸೆಲ್ ಅಳತೆ).
2. ಡೆಸ್ಕ್‌ಟಾಪ್ ಮೇಲೆ ರೈಟ್ ಕ್ಲಿಕ್ ಮಾಡಿ ವಿಂಡೋಸ್ 10ರಲ್ಲಿ ‘ಡಿಸ್‌ಪ್ಲೇ ಸೆಟ್ಟಿಂಗ್ಸ್’, 7ರಲ್ಲಿ ‘ಸ್ಕ್ರೀನ್ ರೆಸಲ್ಯೂಶನ್’ ತೆರೆಯಿರಿ. ಎರಡು ಚೌಕ ಕಾಣಬೇಕು. ಕಾಣದಿದ್ದರೆ ‘ಡಿಟೆಕ್ಟ್’ ಒತ್ತಿ.
3. ‘ಐಡೆಂಟಿಫೈ’ ಒತ್ತಿದರೆ ಪರದೆಗಳ ಮೇಲೆ 1, 2 ಎಂದು ದೊಡ್ಡ ಅಂಕಿ ಬರುತ್ತದೆ. ಮೇಜಿನ ಮೇಲೆ ಮಾನಿಟರ್‌ಗಳು ಇರುವ ಕ್ರಮದಲ್ಲೇ ಚೌಕಗಳನ್ನು ಎಳೆದು ಕೂರಿಸಿ.
4. ನೇರ ಎದುರಿಗಿರುವ ಪರದೆಯ ಚೌಕ ಆರಿಸಿ ‘ಮೇಕ್ ದಿಸ್ ಮೈ ಮೇನ್ ಡಿಸ್‌ಪ್ಲೇ’ಗೆ ಗುರುತು ಹಾಕಿ.
5. ಒಂದೊಂದು ಚೌಕ ಒತ್ತಿ, ಆಯಾ ಮಾನಿಟರ್‌ನ ಸಹಜ ರೆಸಲ್ಯೂಶನ್ ಕೊಡಿ. ಸಾಮಾನ್ಯವಾಗಿ ಪಟ್ಟಿಯಲ್ಲಿ ‘ರೆಕಮೆಂಡೆಡ್’ ಎಂದಿರುವುದು ಅದೇ.

ಮೂರನೇ ಹೆಜ್ಜೆಯಲ್ಲಿ ಒಂದು ಸೂಕ್ಷ್ಮವಿದೆ. ಎಡಕ್ಕೆ 1280×1024ರ ಹಳೆಯ ಚೌಕ ಮಾನಿಟರ್, ಬಲಕ್ಕೆ 1920×1080ರ ಅಗಲ ಮಾನಿಟರ್ ಎಂದಿಟ್ಟುಕೊಳ್ಳಿ. ಎರಡರ ಮೇಲಂಚು ಸಮ ಮಾಡಿದರೆ ಬಲ ಪರದೆಯ ಕೆಳಗೆ 56 ಪಿಕ್ಸೆಲ್‌ನಷ್ಟು ಜಾಗದ ಪಕ್ಕ ಏನೂ ಇರುವುದಿಲ್ಲ. ಟಾಸ್ಕ್‌ಬಾರ್‌ನ ಹತ್ತಿರದಿಂದ ಮೌಸ್ ಎಡಕ್ಕೆ ತಳ್ಳಿದರೆ ಗೋಡೆಗೆ ಬಡಿದಂತೆ ನಿಲ್ಲುತ್ತದೆ, ಸ್ವಲ್ಪ ಮೇಲೆ ಒಯ್ದರೆ ಮಾತ್ರ ದಾಟುತ್ತದೆ. ಮೌಸ್ ಕೆಟ್ಟಿತೆಂದುಕೊಳ್ಳುವವರು ನೋಡಬೇಕಾದ್ದು ಚೌಕಗಳನ್ನು. ನೀವು ಹೆಚ್ಚು ದಾಟುವುದು ಕೆಳಭಾಗದಲ್ಲಾದರೆ ಕೆಳಂಚು ಸಮ ಮಾಡಿ.

ವಿಂಡೋಸ್ 7ರಲ್ಲಿ ಟಾಸ್ಕ್‌ಬಾರ್ ಮುಖ್ಯ ಪರದೆಯಲ್ಲಿ ಮಾತ್ರ ಬರುತ್ತದೆ, ಅಕ್ಷರ ದೊಡ್ಡದು ಮಾಡಿದರೆ ಎರಡೂ ಪರದೆಯಲ್ಲಿ ದೊಡ್ಡದಾಗುತ್ತದೆ. ವಿಂಡೋಸ್ 10ರಲ್ಲಿ ಪರದೆಗೊಂದು ಅಳತೆ ಕೊಡಬಹುದು. ಕಿಟಕಿಯೊಂದನ್ನು ಆ ಪರದೆಯಿಂದ ಈ ಪರದೆಗೆ ಒಯ್ಯಲು ವಿಂಡೋಸ್, ಶಿಫ್ಟ್ ಜೊತೆ ಬಾಣದ ಕೀಲಿ, ಎರಡರಲ್ಲೂ ನಡೆಯುತ್ತದೆ.

## 9. ಲಕ್ಷಣ ನೋಡಿ ದೋಷ ಹಿಡಿಯುವುದು

ಬಣ್ಣ ಕೆಟ್ಟಿದೆ. ವಿಜಿಎ ಮಾನಿಟರ್‌ನಲ್ಲಿ ಒಂದು ಖಾಲಿ ಬಿಳಿ ಪುಟ ತೆರೆಯಿರಿ. ಅದು ಹಳದಿಯಾಗಿ ಕಂಡರೆ ನೀಲಿಯ ತಂತಿ ಕೈಕೊಟ್ಟಿದೆ. ಕಡುಗುಲಾಬಿಯಾದರೆ ಹಸಿರಿನದ್ದು. ಹಸಿರು ಬೆರೆತ ತಿಳಿನೀಲಿಯಾದರೆ ಕೆಂಪಿನದ್ದು. ಕೇಬಲನ್ನು ಬಿಚ್ಚಿ ಮತ್ತೆ ಬಿಗಿಯಿರಿ, ಬಗ್ಗಿದ ಪಿನ್ ಹುಡುಕಿ, ಇಲ್ಲವೇ ಕೇಬಲ್ ಬದಲಿಸಿ. ಮಾನಿಟರ್ ಸೆಟ್ಟಿಂಗ್ಸ್‌ನಲ್ಲಿ ಬಣ್ಣ ತಿದ್ದಲು ಹೊರಡಬೇಡಿ.

1024×768ಕ್ಕಿಂತ ಮೇಲಿನ ಆಯ್ಕೆಯೇ ಇಲ್ಲ, ಹೆಸರು ‘ಜೆನೆರಿಕ್ ನಾನ್-ಪಿಎನ್‌ಪಿ ಮಾನಿಟರ್’. ಮಾನಿಟರ್ ತನ್ನ ಪರಿಚಯವನ್ನು ಕಂಪ್ಯೂಟರ್‌ಗೆ ಹೇಳುವುದು ವಿಜಿಎಯ 12 ಮತ್ತು 15ನೇ ಪಿನ್ ಮೂಲಕ. ಅಗ್ಗದ ಕೇಬಲ್‌ಗಳಲ್ಲಿ, ಸ್ಪ್ಲಿಟರ್‌ಗಳಲ್ಲಿ ಈ ತಂತಿಗಳೇ ಇರುವುದಿಲ್ಲ. ಎಲ್ಲ ತಂತಿಯಿರುವ ಕೇಬಲ್ ಹಾಕಿದರೆ ಸರಿಹೋಗುತ್ತದೆ.

‘ಔಟ್ ಆಫ್ ರೇಂಜ್’ ಅಥವಾ ‘ಇನ್‌ಪುಟ್ ನಾಟ್ ಸಪೋರ್ಟೆಡ್’. ಮಾನಿಟರ್ ತಾಳಲಾರದ ರೆಸಲ್ಯೂಶನ್ ಅಥವಾ ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗುತ್ತದೆ ಎಂಬ ಲೆಕ್ಕ) ಕೊಟ್ಟಿದ್ದೀರಿ. ಏನೂ ಒತ್ತದೆ 15 ಸೆಕೆಂಡ್ ಕಾದರೆ ವಿಂಡೋಸ್ ತಾನೇ ಹಿಂದಿನದಕ್ಕೆ ಮರಳುತ್ತದೆ. ಗಾಬರಿಯಲ್ಲಿ ಏನಾದರೂ ಒತ್ತಿದರೆ ಅದು ‘ಇದೇ ಇರಲಿ’ ಎಂದಾದೀತು. ಹಳೆಯ ಎಲ್‌ಸಿಡಿಗೆ 60 ಹರ್ಟ್ಸ್ ಸರಿ.

ಅಕ್ಷರದ ಪಕ್ಕ ನೆರಳು, ಚಿತ್ರ ಒಂದು ಬದಿಗೆ ಸರಿದಿದೆ. ವಿಜಿಎಯಲ್ಲಿ ಮಾತ್ರ ಬರುವ ತೊಂದರೆ. ಅಕ್ಷರ ತುಂಬಿದ ಪುಟವನ್ನು ಪರದೆ ತುಂಬ ತೆರೆದು, ಮಾನಿಟರ್‌ನ ‘ಆಟೋ’ ಗುಂಡಿ ಒತ್ತಿ. ಖಾಲಿ ಡೆಸ್ಕ್‌ಟಾಪ್ ಇಟ್ಟುಕೊಂಡು ಒತ್ತಿದರೆ ಅಂಚು ಎಲ್ಲೆಂದು ಮಾನಿಟರ್‌ಗೆ ತಿಳಿಯದೆ ಇನ್ನಷ್ಟು ಕೆಡಬಹುದು. ನೆರಳು ಹೋಗದಿದ್ದರೆ ಕೇಬಲ್ ತೀರಾ ಉದ್ದವಿರಬೇಕು ಅಥವಾ ತೆಳ್ಳಗಿರಬೇಕು.

ಟಿವಿಯನ್ನೇ ಎರಡನೇ ಪರದೆ ಮಾಡಿದರೆ ಅಂಚು ಕತ್ತರಿಸಿಹೋಗುತ್ತದೆ. ಕಂಪ್ಯೂಟರ್ ಬಿಟ್ಟು ಟಿವಿಯ ಚಿತ್ರದ ಅಳತೆಯಲ್ಲಿ ‘ಜಸ್ಟ್ ಸ್ಕ್ಯಾನ್’, ‘ಸ್ಕ್ರೀನ್ ಫಿಟ್’ ಎಂಬಂಥದ್ದನ್ನು ಹುಡುಕಿ.

ಎಚ್‌ಡಿಎಂಐ ಸಿಕ್ಕಿಸಿದ ಮೇಲೆ ಸ್ಪೀಕರ್ ಮೂಕವಾಯಿತು. ಧ್ವನಿ ಎಚ್‌ಡಿಎಂಐ ದಾರಿ ಹಿಡಿದಿದೆ. ಗಡಿಯಾರದ ಬಳಿಯ ಸ್ಪೀಕರ್ ಗುರುತಿನಿಂದ ಹಳೆಯ ಸ್ಪೀಕರನ್ನೇ ಡಿಫಾಲ್ಟ್ ಮಾಡಿ.

ಒಂದು ಪ್ರೋಗ್ರಾಮ್ ತೆರೆಯುತ್ತದೆ, ಆದರೆ ಎಲ್ಲೂ ಕಾಣುವುದಿಲ್ಲ. ಎರಡನೇ ಮಾನಿಟರ್ ಕಿತ್ತ ಮೇಲೂ ಅದು ಅಲ್ಲೇ ತೆರೆದುಕೊಳ್ಳುತ್ತಿದೆ. ಟಾಸ್ಕ್‌ಬಾರ್‌ನಲ್ಲಿ ಅದನ್ನು ಆರಿಸಿ, ಆಲ್ಟ್ ಜೊತೆ ಸ್ಪೇಸ್ ಒತ್ತಿ, ಎಂ ಒತ್ತಿ, ಒಂದು ಬಾಣದ ಕೀಲಿ ಒತ್ತಿ ಮೌಸ್ ಅಲುಗಿಸಿ. ಕಿಟಕಿ ಮೌಸ್‌ಗೆ ಅಂಟಿಕೊಂಡು ಬರುತ್ತದೆ.

ಮಾನಿಟರ್ ಆರಿಸಿ ಹಾಕಿದಾಗಲೆಲ್ಲ ಕಿಟಕಿಗಳು ಒಂದೇ ಕಡೆ ರಾಶಿ ಬೀಳುತ್ತವೆ. ಡಿಸ್‌ಪ್ಲೇಪೋರ್ಟ್‌ನಲ್ಲಿ ಇದು ಹೆಚ್ಚು. ಮಾನಿಟರ್ ಆರಿದ್ದನ್ನು ಕಂಪ್ಯೂಟರ್ ಕಿತ್ತಂತೆಯೇ ಎಣಿಸುತ್ತದೆ. ಗುಂಡಿ ಒತ್ತಿ ಆರಿಸುವುದನ್ನು ಬಿಟ್ಟು, ಪರದೆ ತಾನಾಗಿ ಮಲಗುವಂತೆ ಸಮಯ ಹಾಕಿ ನೋಡಿ. ಅದೂ ಫಲಿಸದಿದ್ದರೆ ಆ ಮಾನಿಟರ್‌ಗೆ ಡಿವಿಐ ಅಥವಾ ಎಚ್‌ಡಿಎಂಐ ಕೊಡಿ.

ಒಂದು ವಾರ ಚೆನ್ನಾಗಿದ್ದು ಎರಡನೇ ಪರದೆ ಮಾಯ. ಕೇಬಲ್ ಮುಟ್ಟುವ ಮೊದಲು 7ನೇ ಹಂತಕ್ಕೆ ಮರಳಿ. ವಿಂಡೋಸ್ 10 ತಾನಾಗಿ ಡ್ರೈವರ್ ಬದಲಿಸಿರಬಹುದು. ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡ್‌ನ ಹೆಸರು ಎರಡು ಸಲ ಒತ್ತಿ, ‘ಡ್ರೈವರ್’ ಹಾಳೆಯ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿದರೆ ಹಿಂದಿನದು ಮರಳುತ್ತದೆ. ಆ ಗುಂಡಿ ಮಸುಕಾಗಿದ್ದರೆ ಮರಳಲು ಹಿಂದಿನ ಡ್ರೈವರ್ ಇಲ್ಲ. ಆಗ ಎರಡೂ ಮಾನಿಟರ್‌ಗಳ ಕೇಬಲ್ ಅದಲುಬದಲು ಮಾಡಿ. ಕಪ್ಪು ಪರದೆ ಕೇಬಲ್ ಜೊತೆ ಇನ್ನೊಂದು ಮಾನಿಟರ್‌ಗೆ ಹೋದರೆ ದೋಷ ಪೋರ್ಟ್ ಅಥವಾ ಕೇಬಲ್‌ನದ್ದು, ಅಲ್ಲೇ ಉಳಿದರೆ ಮಾನಿಟರ್‌ನದ್ದು.